ಕಾಡಿನ ಬೆಲೆ, ಕಾಡಿನ ಋಣ – ಒಂದು ಧರ್ಮವಿಚಾರ

ಶಿವಮೊಗ್ಗೆಯ ಅಂಚನ್ನು ತೊಳೆದು ಬರುವ ತುಂಗೆಯೂ ಭದ್ರಾವತಿಯನ್ನು ಹಾದು ಬರುವ ಭದ್ರೆಯೂ ಕೂಡಲಿಯಲ್ಲಿ ಸಂಗಮಿಸುವುದು ವಾಚಕರೆಲ್ಲರಿಗೂ ವಿದಿತವಾದ ಸಂಗತಿ. ಶ್ರೀಮದಕ್ಷೋಭ್ಯತೀರ್ಥರ ಪರಂಪರೆಯ ಮಠವಿರುವ ಆ ಕ್ಷೇತ್ರಕ್ಕೆ ಕಳೆದ ಕಾರ್ತಿಕ ಮಾಸದಲ್ಲಿ ನಾವು ಸ್ನಾನಾರ್ಥವಾಗಿ ಹೋಗಿದ್ದೆವು. ಸೋಪಾನದ ಮೇಲೆ ಕುಳಿತಿದ್ದ ವೃದ್ಧರೊಬ್ಬರು ನಮ್ಮನ್ನು ಗುರುತಿಸಿ ಮಾತನಾಡಿಸಿದರು. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು; ನಮ್ಮ ತೀರ್ಥರೂಪರ ಬಳಿ ಪಂಚಾಂಗ ಕೇಳಲು ಬರುತ್ತಿದ್ದವರು. ಅವರು ಕೇಳಿದ ಪ್ರಶ್ನೆ ಇದು: “ಸರ್ಕಾರದವರು ಈಗ ಕಾಡಿಗೆ ಹೆಕ್ಟೇರಿಗೆ ಇಷ್ಟು ಲಕ್ಷವೆಂದು ಬೆಲೆ ಕಟ್ಟಿದ್ದಾರಂತೆ. ನೀವು ಪಾಠಶಾಲೆಯಲ್ಲಿ ಓದಿದವರು, ಕಾಲೇಜಿಗೂ ಹೋದವರು. ಇದು ಧರ್ಮವೋ ಅಧರ್ಮವೋ ಹೇಳಿ. ನಾವು ಮೂವತ್ತು ವರ್ಷ ಬಿದಿರನ್ನೂ ಮರವನ್ನೂ ಅರೆದು ಅನ್ನ ತಿಂದವರು. ಆ ಲೆಕ್ಕದಲ್ಲಿ ನಮ್ಮ ಪಾಲು ಎಷ್ಟು?”

ಜೊತೆಯಲ್ಲಿದ್ದ ಅವರ ಮೊಮ್ಮಗ, ವಾಣಿಜ್ಯಶಾಸ್ತ್ರದ ವಿದ್ಯಾರ್ಥಿ, ನಕ್ಕು ಹೇಳಿದ: “ತಾತ, ಬೆಲೆಯಿಲ್ಲದ ವಸ್ತುವನ್ನು ಎಲ್ಲರೂ ಪುಕ್ಕಟೆಯಾಗಿ ಎತ್ತಿಕೊಂಡು ಹೋಗುತ್ತಾರೆ. ಬೆಲೆ ಕಟ್ಟಿದರೆ ಕಾಡು ಉಳಿಯುತ್ತದೆ.” ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆಯೆಂದು ನಮಗೆ ತೋರಿತು. ಅಂದು ಸಮರ್ಪಕವಾದ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ಆ ಕೊರತೆಯನ್ನು ಯಥಾಮತಿ ತುಂಬಿಕೊಡುವ ಪ್ರಯತ್ನವೇ ಈ ಲೇಖನ.

ಮೊದಲು ವಿಷಯದ ಸ್ವರೂಪವನ್ನು ತಿಳಿಯೋಣ. ನಿಸರ್ಗಕ್ಕೆ ಹಣದಲ್ಲಿ ಬೆಲೆ ಕಟ್ಟುವ ವಿಚಾರ ಇಂದು ನಿನ್ನೆಯದಲ್ಲ. 1997ರಲ್ಲಿ ರಾಬರ್ಟ್ ಕೋಸ್ಟಾಂಜಾ ಮೊದಲಾದ ವಿದ್ವಾಂಸರು ಇಡೀ ಭೂಮಂಡಲದ ಕಾಡು, ಕಡಲು, ಜೌಗುಗಳು ಮನುಷ್ಯನಿಗೆ ಮಾಡುವ ಉಪಕಾರವು ವರ್ಷಕ್ಕೆ ಸುಮಾರು 33 ಲಕ್ಷ ಕೋಟಿ ಡಾಲರುಗಳಷ್ಟೆಂದು ಲೆಕ್ಕ ಹಾಕಿದರು. ನಮ್ಮ ದೇಶದಲ್ಲಿ ಅರಣ್ಯಭೂಮಿಯನ್ನು ಗಣಿ, ಅಣೆಕಟ್ಟು, ಹೆದ್ದಾರಿಗಳಿಗೆ ಬಿಟ್ಟುಕೊಡುವಾಗ ಅದರ ‘ನಿವ್ವಳ ವರ್ತಮಾನ ಮೌಲ್ಯ’ವನ್ನು ವಸೂಲು ಮಾಡಬೇಕೆಂಬ ಪದ್ಧತಿಯು ಸರ್ವೋಚ್ಚ ನ್ಯಾಯಾಲಯದ 2002ರ ಆಜ್ಞೆಯಿಂದ ಬಂದಿತು. 2008ರಲ್ಲಿ ಕಾಡಿನ ಜಾತಿ ಮತ್ತು ಸಾಂದ್ರತೆಗೆ ತಕ್ಕಂತೆ ಹೆಕ್ಟೇರಿಗೆ 4 ಲಕ್ಷ 38 ಸಾವಿರ ರೂಪಾಯಿಗಳಿಂದ 10 ಲಕ್ಷ 43 ಸಾವಿರ ರೂಪಾಯಿಗಳವರೆಗೆ ದರ ನಿಗದಿಯಾಯಿತು. 2022ರಲ್ಲಿ ಅದನ್ನು ಏರಿಸಲಾಯಿತು. ಹೀಗೆ ಬಂದ ಹಣಕ್ಕಾಗಿಯೇ 2016ರಲ್ಲಿ ಒಂದು ಕಾಯಿದೆಯಾಗಿ, ನೂರರಲ್ಲಿ ತೊಂಬತ್ತು ಪಾಲು ರಾಜ್ಯದ ನಿಧಿಗೂ ಹತ್ತು ಪಾಲು ರಾಷ್ಟ್ರದ ನಿಧಿಗೂ ಸೇರುವಂತೆ ವ್ಯವಸ್ಥೆಯಾಗಿದೆ.

ಇಲ್ಲಿ ಪೂರ್ವಪಕ್ಷವು ಹೀಗೆ ಹೇಳೀತು: ಭಗವಂತನ ಸೃಷ್ಟಿಗೆ ಬೆಲೆ ಕಟ್ಟುವುದೇ ಅಪಚಾರ, ತಾಯಿಗೆ ಬೆಲೆ ಕಟ್ಟುವವರುಂಟೇ? ಈ ಮಾತು ಕೇಳಲು ಉದಾತ್ತವಾಗಿದೆ. ಆದರೆ ದೇವಾಲಯದ ಪ್ರಾಂಗಣದಲ್ಲಿ ಬೆಳೆದ ನಮಗೆ ಇದನ್ನು ಆಡುವ ಮುನ್ನ ಸ್ವಲ್ಪ ಸಂಕೋಚವಾಗುತ್ತದೆ. ನಮ್ಮ ದೇವಾಲಯಗಳ ಗೋಡೆಯ ಮೇಲೆಯೇ ಸೇವಾ ದರಪಟ್ಟಿ ತೂಗುತ್ತಿಲ್ಲವೇ? ಪಂಚಾಮೃತಕ್ಕೆ ಇಷ್ಟು, ಸರ್ವಸೇವೆಗೆ ಇಷ್ಟು ಎಂದು ಅಲ್ಲಿ ಬರೆದಿಲ್ಲವೇ? ಬಾಲ್ಯದಲ್ಲಿ ಒಮ್ಮೆ ನಾವು ತೀರ್ಥರೂಪರನ್ನು, ದೇವರಿಗೂ ಬೆಲೆಯುಂಟೇ ಎಂದು ಕೇಳಿದ್ದೆವು. ಅವರು ಸಿಟ್ಟಾಗಲಿಲ್ಲ. “ಆ ರೂಪಾಯಿ ಹಾಲಿಗೆ, ತುಪ್ಪಕ್ಕೆ, ದೀಪದ ಎಣ್ಣೆಗೆ. ತೀರ್ಥ ಕೊಡುವಾಗ ಯಾರು ಎಷ್ಟು ಕೊಟ್ಟರೆಂದು ನಾನು ನೋಡುತ್ತೇನೆಯೇ? ಚೀಟಿ ಬರೆಸಿದವನಿಗೂ ಬರೆಸದವನಿಗೂ ಒಂದೇ ಉದ್ಧರಣೆ” ಎಂದರು. ಬೆಲೆಯು ಸಾಮಗ್ರಿಗೆ, ಎಲ್ಲರಿಗೂ ಸಲ್ಲಬೇಕಾದುದಕ್ಕೆ ಬೆಲೆಯಿಲ್ಲ. ಆದ್ದರಿಂದ ಬೆಲೆ ಕಟ್ಟುವ ಕ್ರಿಯೆಯೇ ಪಾಪವೆಂಬ ಮಾತು ನಿಲ್ಲಲಾರದು. ಏತಕ್ಕೆ ಬೆಲೆ, ಯಾರಿಂದ ಯಾರಿಗೆ ಬೆಲೆ ಎಂಬುದನ್ನೇ ನೋಡಬೇಕಾಗುತ್ತದೆ.

ಅಷ್ಟೇ ಅಲ್ಲ, ಬೆಲೆ ಕಟ್ಟದೆ ಬಿಟ್ಟುದರಿಂದ, ಇಲ್ಲವೇ ತೀರ ಅಲ್ಪವಾದ ಬೆಲೆ ಕಟ್ಟಿದುದರಿಂದ ಆದ ಅನ್ಯಾಯವನ್ನು ನಮ್ಮ ನಾಡು ಕಂಡಿದೆ. ಭಾದ್ರಪದದ ಗೌರೀಹಬ್ಬದಲ್ಲಿ ನಮ್ಮ ಮನೆಗಳ ಸುವಾಸಿನಿಯರು ಮೊರದ ಬಾಗಿನ ಕೊಡುತ್ತಾರಷ್ಟೆ. ಆ ಮೊರವನ್ನು ಹೆಣೆಯುವವರು ಮೇದಾರರು. ಅದಕ್ಕೆ ಬೇಕಾದುದು ಬಿದಿರು. ಉತ್ತರ ಕನ್ನಡದ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಬಂದಾಗ, 1958ರಲ್ಲಿ, ಅದಕ್ಕೆ ಸರ್ಕಾರವು ಕಾಡಿನ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲು ಒಪ್ಪಿತು. ಬುಟ್ಟಿ ಹೆಣೆಯುವ ಬಡವನು ಪೇಟೆಯಲ್ಲಿ ಅದೇ ಬಿದಿರಿಗೆ ಅದರ ನೂರಾರು ಪಟ್ಟು ಕೊಡಬೇಕಾಗಿತ್ತು. ಎಪ್ಪತ್ತರ ದಶಕದ ವೇಳೆಗೆ ಬಿದಿರು ವಿರಳವಾಗಿ ಮೇದಾರರು ಗೋಳಿಟ್ಟಾಗ, ಆಗಿನ ಅರ್ಥಮಂತ್ರಿ ಎಂ. ವೈ. ಘೋರ್ಪಡೆಯವರು ಅದನ್ನು ಪರಿಶೀಲಿಸುವ ಕೆಲಸವನ್ನು ಬೆಂಗಳೂರಿನ ವಿಜ್ಞಾನ ಮಂದಿರದ ಮಾಧವ ಗಾಡ್ಗೀಳರಿಗೆ ಒಪ್ಪಿಸಿದರು. ಅವರು ಕಂಡ ಒಂದು ಸಂಗತಿ ಸ್ವಾರಸ್ಯವಾದುದು. ಬಿದಿರಿನ ಮೆಳೆಯು ಚೆನ್ನಾಗಿ ಬೆಳೆಯಲೆಂದು ಅದರ ಬುಡದ ಮುಳ್ಳನ್ನು ಸವರಿಸುವುದು ಇಲಾಖೆಯ ಕ್ರಮವಾಗಿತ್ತು. ಆ ಮುಳ್ಳೇ ಎಳೆಯ ಕಳಲೆಯನ್ನು ದನಕರು ಮತ್ತು ಕಾಡುಪ್ರಾಣಿಗಳಿಂದ ಕಾಯುವ ಬೇಲಿಯೆಂಬುದು ಹಳ್ಳಿಗರಿಗೆ ಗೊತ್ತಿತ್ತು. ಬಲ್ಲವರನ್ನು ಕೇಳದೆ ಮಾಡಿದ ಉಪಚಾರವು ಅಪಚಾರವಾಯಿತು. ದರ ನಿಗದಿ ಮಾಡುವಾಗಲೂ ಆ ಬಲ್ಲವರನ್ನು ಯಾರೂ ಕೇಳಿರಲಿಲ್ಲ.

ಆದುದರಿಂದ ಮೊಮ್ಮಗನ ವಾದದಲ್ಲಿ ಹುರುಳಿದೆಯೆಂದು ಒಪ್ಪಲೇಬೇಕು. ಟನ್ನಿಗೆ ಒಂದೂವರೆ ರೂಪಾಯಿಗಿಂತ ಹೆಕ್ಟೇರಿಗೆ ಹತ್ತು ಲಕ್ಷವು ಮೇಲು. ಕೊಡಬೇಕಾದುದು ಹೆಚ್ಚಾದಷ್ಟೂ ಕೊಡಲಿ ಎತ್ತುವ ಕೈ ಒಂದು ಕ್ಷಣವಾದರೂ ತಡೆದೀತು. ಹಾಗಾದರೆ ಬೆಲೆಯನ್ನು ಸರಿಯಾಗಿ ಕಟ್ಟಿದೊಡನೆ ನ್ಯಾಯವು ಪೂರ್ಣವಾಯಿತೇ? ನಮ್ಮ ಸಂದೇಹವು ಇಲ್ಲಿಂದ ಆರಂಭವಾಗುತ್ತದೆ.

ಈ ಸಂದೇಹವನ್ನು ವಿವರಿಸಲು ಭದ್ರಾವತಿಗಿಂತ ಸಮೀಪದ ದೃಷ್ಟಾಂತ ಬೇಡ. 1918ರಲ್ಲಿ ಮೈಸೂರು ಸಂಸ್ಥಾನವು ಅಲ್ಲಿ ಆರಂಭಿಸಿದ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆ ತೊಡಗಿತು. ಅದರ ಕುಲುಮೆಗೆ ಕಲ್ಲಿದ್ದಲಿಲ್ಲದೆ, ಸುತ್ತಲಿನ ಕಾಡಿನ ಸೌದೆಯನ್ನು ಸುಟ್ಟು ಮಾಡಿದ ಇದ್ದಿಲನ್ನೇ ಉಣಿಸಿದರು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಬಂದಿತು. 1936ರಲ್ಲಿ ಸ್ಥಾಪಿತವಾದ ಮೈಸೂರು ಪೇಪರ್ ಮಿಲ್ಸ್ ಮಲೆನಾಡಿನ ಬಿದಿರಿನಿಂದ ಕಾಗದ ಮಾಡಿತು. ಈ ಎರಡು ಕಾರ್ಖಾನೆಗಳು ಒಂದು ಸಣ್ಣ ಊರನ್ನು ಪಟ್ಟಣವನ್ನಾಗಿ ಮಾಡಿ, ಸಾವಿರಾರು ಸಂಸಾರಗಳನ್ನು ಪೋಷಿಸಿದವು. ನಮ್ಮ ಸಮಾಜದವರೂ ಅಲ್ಲಿ ಗುಮಾಸ್ತರಾಗಿ, ಇಂಜಿನಿಯರುಗಳಾಗಿ ದುಡಿದರು. ನಮ್ಮ ಸೋದರಮಾವಂದಿರೊಬ್ಬರು ಅಲ್ಲಿಯ ಸಂಬಳದಿಂದಲೇ ನಮ್ಮ ಬಿ.ಎ. ವ್ಯಾಸಂಗಕ್ಕೆ ಸಹಾಯ ಮಾಡಿದರು. ಪಠ್ಯಪುಸ್ತಕ, ಪಂಚಾಂಗ, ಉತ್ಸವದ ಆಮಂತ್ರಣಪತ್ರ ಎಲ್ಲಕ್ಕೂ ಕಾಗದ ಬೇಕಲ್ಲವೇ? ಆದುದರಿಂದ ನಾವು ದಡದಲ್ಲಿ ನಿಂತು ಮುಳುಗಿದವರನ್ನು ಟೀಕಿಸುವ ಸ್ಥಾನದಲ್ಲಿಲ್ಲ. ಫಲದಲ್ಲಿ ಭಾಗಿಗಳಾದ ನಾವು ಋಣದಲ್ಲಿಯೂ ಭಾಗಿಗಳು.

ಕಾಲಕ್ರಮದಲ್ಲಿ ಬಿದಿರು ಸಾಲದಾಯಿತು. 1980ರಲ್ಲಿ ಕಾಗದದ ಕಾರ್ಖಾನೆಗೆ ಅರಣ್ಯಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ಕೊಡಲಾಯಿತು. ಅಲ್ಲಿ ನೀಲಗಿರಿಯೂ ಅಕೇಸಿಯವೂ ಸಾಲುಸಾಲಾಗಿ ಎದ್ದವು. ಸುಮಾರು 2015ರ ವೇಳೆಗೆ ಕಾರ್ಖಾನೆಯ ಉತ್ಪಾದನೆ ನಿಂತುಹೋಯಿತು. 2020ರಲ್ಲಿ ಗುತ್ತಿಗೆಯ ಅವಧಿ ಮುಗಿದಾಗ, ಸುಮಾರು 20 ಸಾವಿರ ಹೆಕ್ಟೇರು ಭೂಮಿಯ ಗುತ್ತಿಗೆಯನ್ನು ಮತ್ತೆ 40 ವರ್ಷಗಳಿಗೆ ನವೀಕರಿಸುವ ಆದೇಶವಾಯಿತು. ಮಲೆನಾಡಿನ ಜನರು ತಮ್ಮ ಊರಿಗೆ ಅಕೇಸಿಯ ಬೇಡವೆಂದು ಚಳವಳಿ ಹೂಡಿದರು. ಅವರ ಆಕ್ಷೇಪದಲ್ಲಿ ಗಣಿತದ ತಪ್ಪೆಂಬ ಮಾತಿರಲಿಲ್ಲ. ಎಣಿಕೆಗೆ ಬಾರದ ವಸ್ತುಗಳ ಪಟ್ಟಿಯನ್ನೇ ಅವರು ಮುಂದಿಟ್ಟರು: ಅಡಕೆಯ ತೋಟಕ್ಕೆ ಹಾಸುವ ಸೊಪ್ಪು ಮತ್ತು ದರಕು, ದನಗಳ ಮೇವು, ಸೀಗೆ, ಮುರುಗಲು, ಜೇನು, ಬೇಸಗೆಯಲ್ಲಿಯೂ ಬತ್ತದ ಒರತೆ. ಇವುಗಳಿಗೆ ರಸೀದಿಯಿಲ್ಲ, ಆದ್ದರಿಂದ ಲೆಕ್ಕದ ಪುಸ್ತಕದಲ್ಲಿ ಇವುಗಳಿಗೆ ಸ್ಥಳವಿಲ್ಲ.

ಈ ಸಂದರ್ಭದಲ್ಲಿ ಶ್ರೀಮದಾಚಾರ್ಯರು ಉಪದೇಶಿಸಿದ ಪಂಚಭೇದವು ನಮ್ಮ ನೆನಪಿಗೆ ಬರುತ್ತದೆ. ತತ್ತ್ವನಿರ್ಣಯಕ್ಕಾಗಿ ಹೇಳಿದ ಆ ಸಿದ್ಧಾಂತವನ್ನು ಅರಣ್ಯ ಇಲಾಖೆಯ ಕಡತಕ್ಕೆ ಎಳೆದು ತರುವ ಧಾರ್ಷ್ಟ್ಯ ನಮಗಿಲ್ಲ. ಆದರೂ ಭೇದವು ಸತ್ಯವೆಂದು ನಿತ್ಯವೂ ಹೇಳಿಕೊಳ್ಳುವ ನಾವು ವ್ಯವಹಾರದಲ್ಲಿ ಅದನ್ನು ಮರೆಯುವುದು ಉಚಿತವಲ್ಲ. ಜೀವಜೀವರಿಗೆ ಭೇದವಿದೆ. ಹಾಗಿರುವಾಗ ಒಬ್ಬನಿಗಾದ ನಷ್ಟವು ಇನ್ನೊಬ್ಬನಿಗಾದ ಲಾಭದಿಂದ ಹೇಗೆ ತುಂಬೀತು? ಒಟ್ಟು ಲಾಭದಲ್ಲಿ ಒಟ್ಟು ನಷ್ಟವನ್ನು ಕಳೆದು, ಉಳಿದುದು ಲಾಭವೇ ಆದುದರಿಂದ ಯೋಜನೆಯು ಸಾಧುವೆಂದು ಹೇಳುವಾಗ, ಎಲ್ಲ ಜನರನ್ನೂ ಒಂದೇ ದೊಡ್ಡ ಉದರವಾಗಿ ಭಾವಿಸಿದಂತಾಯಿತು. ಹಸಿದವನು ಒಬ್ಬ, ಉಂಡವನು ಇನ್ನೊಬ್ಬ. ಸರಾಸರಿಯಲ್ಲಿ ಇಬ್ಬರೂ ಅರೆಹೊಟ್ಟೆ ಉಂಡರೆಂದು ಬರೆದರೆ ಹಸಿದವನ ಹಸಿವು ಅಡಗುವುದಿಲ್ಲ.

ಜಡಜಡಗಳಿಗೂ ಭೇದವಿದೆ. ಇಲ್ಲಿ ಕಡಿದ ಕಾಡಿಗೆ ಪ್ರತಿಯಾಗಿ ಬೇರೆಲ್ಲಿಯೋ ಸಸಿ ನೆಟ್ಟರೆ ಸರಿಹೋಯಿತೆಂಬುದು ‘ಪರಿಹಾರಾತ್ಮಕ ಅರಣ್ಯೀಕರಣ’ದ ಭಾವ. ತೀರ್ಥಹಳ್ಳಿಯ ಕಡೆಯ ಕಾನೊಂದರ ಹೆಮ್ಮರಕ್ಕೂ ಬಯಲುಸೀಮೆಯ ಪಾಳುಭೂಮಿಯಲ್ಲಿ ನೆಟ್ಟ ಸಸಿಗೂ ಹೆಸರು ಮರವೆಂದೇ. ಆದರೆ ಒಂದರ ಬುಡದಲ್ಲಿ ಒರತೆ ಹುಟ್ಟುತ್ತದೆ, ಮತ್ತೊಂದಕ್ಕೆ ನೀರು ಹೊತ್ತು ಹಾಕಬೇಕು. ಹಣವೆಂಬುದು ಭೇದವನ್ನು ಅಳಿಸಿ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಸಾಧನ. ಅದರ ಉಪಯೋಗವೂ ಅಲ್ಲಿಯೇ, ಅಪಾಯವೂ ಅಲ್ಲಿಯೇ.

ಇನ್ನೊಂದು ಸೂಕ್ಷ್ಮವಾದ ಅನ್ಯಾಯವಿದೆ. ‘ವರ್ತಮಾನ ಮೌಲ್ಯ’ ಎಂಬ ಮಾತಿನಲ್ಲಿಯೇ ಅದು ಅಡಗಿದೆ. ಮುಂದೆ ಬರುವ ಲಾಭವನ್ನು ಇಂದಿನ ಬೆಲೆಗೆ ಇಳಿಸುವಾಗ ಪ್ರತಿ ವರ್ಷಕ್ಕೂ ನೂರಕ್ಕೆ ಇಂತಿಷ್ಟು ಎಂದು ಮುರಿದುಕೊಳ್ಳುತ್ತಾರೆ. ನೂರಕ್ಕೆ ಐದರಂತೆ ಮುರಿದರೆ, ಐವತ್ತು ವರ್ಷಗಳ ಅನಂತರ ಕಾಡು ಕೊಡಲಿರುವ ನೂರು ರೂಪಾಯಿಯ ಉಪಕಾರವು ಇಂದಿನ ಲೆಕ್ಕದಲ್ಲಿ ಒಂಬತ್ತು ರೂಪಾಯಿಗೂ ಕಡಿಮೆಯಾಗುತ್ತದೆ. ಸಾಲ ಕೊಡುವ ಸಾಹುಕಾರನಿಗೆ ಈ ಗಣಿತ ಯುಕ್ತವೇ ಇರಬಹುದು. ಆದರೆ ಶ್ರಾದ್ಧದಲ್ಲಿ ತಂದೆ, ತಾತ, ಮುತ್ತಾತ ಎಂದು ಮೂರು ತಲೆಮಾರುಗಳನ್ನು ಹೆಸರು ಹಿಡಿದು ಕರೆದು ಪಿಂಡ ಕೊಡುವವರು ನಾವು. ಹಿಂದಿನ ಮೂವರಿಗೆ ದೂರವಾದರೆಂದು ಪಿಂಡವನ್ನು ಕಿರಿದು ಮಾಡುವುದಿಲ್ಲ. ಮುಂದಿನ ಮೂವರ ಪಾಲನ್ನು ದೂರವೆಂಬ ಒಂದೇ ಕಾರಣದಿಂದ ಒಂಬತ್ತು ರೂಪಾಯಿಗೆ ಇಳಿಸುವುದು ಎಂತಹ ನ್ಯಾಯ? ಮಗ, ಮೊಮ್ಮಗ, ಮರಿಮಗ ನಮಗೆ ಪಿಂಡ ಕೊಡುವ ಕಾಲದಲ್ಲಿ ಅವರ ಕೈಗೆ ಸುರಿದುಕೊಳ್ಳಲು ನೀರು ಇರಬೇಕಲ್ಲವೇ?

ಇನ್ನು ಹಣವು ಯಾರ ಕೈಗೆ ಹೋಗುತ್ತದೆಂಬುದನ್ನು ನೋಡೋಣ. ನಮ್ಮ ಜಿಲ್ಲೆಯ ಸಾಗರದ ಕಡೆ ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಪೂರ್ಣವಾಯಿತು. ನಾಡಿಗೆಲ್ಲ ಬೆಳಕು ಬಂದಿತು. ಮುಳುಗಡೆಯಾದ ಊರುಗಳ ಸಂಸಾರಗಳನ್ನು ಜಿಲ್ಲೆಯ ಬೇರೆ ಬೇರೆ ಕಾಡಂಚುಗಳಿಗೆ ಸಾಗಿಸಿದರು. ಆ ಭೂಮಿಯು ಕಾಗದಪತ್ರದಲ್ಲಿ ಅರಣ್ಯವೆಂದೇ ಉಳಿದುದರಿಂದ, ಅರುವತ್ತು ವರ್ಷಗಳ ಅನಂತರವೂ ಅವರಲ್ಲಿ ಅನೇಕರಿಗೆ ತಾವು ಉಳುವ ನೆಲದ ಹಕ್ಕುಪತ್ರ ದೊರೆತಿಲ್ಲ. ದೀಪ ಹಚ್ಚಿಕೊಂಡವರು ನಾವು, ಕತ್ತಲೆಯಲ್ಲಿ ಕುಳಿತವರು ಅವರು. ಪರಿಹಾರವೆಂಬುದು ಸಾಮಾನ್ಯವಾಗಿ ಪಹಣಿಯಲ್ಲಿ ಹೆಸರಿದ್ದವನನ್ನು ಹುಡುಕಿಕೊಂಡು ಬರುತ್ತದೆ. ಗೇಣಿಗೆ ಮಾಡಿದವನು, ದನ ಕಾಯ್ದವನು, ಕಾಡಿನಿಂದ ಜೇನು ತಂದವನು ಅದಕ್ಕೆ ಕಾಣಿಸುವುದೇ ಇಲ್ಲ. ಇಂದಿನ ನಿಧಿಯ ವ್ಯವಸ್ಥೆಯಲ್ಲಿಯೂ ಹಣವು ರಾಜಧಾನಿಗೆ ಹೋಗಿ, ಅಲ್ಲಿಂದ ಯೋಜನೆಯ ರೂಪದಲ್ಲಿ ಇಳಿದು ಬರಬೇಕು. ಕಾಡನ್ನು ಕಳೆದುಕೊಂಡ ಹಳ್ಳಿಗೆ ಅದರಲ್ಲಿ ಇಂತಿಷ್ಟು ಪಾಲೆಂದು ಹೆಸರು ಹಿಡಿದು ಕಾಯಿದೆಯು ತೆಗೆದಿಟ್ಟಿಲ್ಲ.

ಹಾಗಾದರೆ ಬೆಲೆಯ ಮಾತೇ ಬರಬಾರದ ಸಂದರ್ಭಗಳು ಇವೆಯೇ? ಇವೆಯೆಂದು ನಮ್ಮ ನದಿಗಳ ಮೂಲವೇ ತೋರಿಸಿಕೊಟ್ಟಿದೆ. ಶ್ರೀವರಾಹದೇವರ ಕೋರೆಗಳಿಂದ ತುಂಗಭದ್ರೆಯರು ಹುಟ್ಟಿದರೆಂಬುದು ಪುರಾಣಪ್ರಸಿದ್ಧಿ. ಅವರ ಉಗಮಸ್ಥಾನವಾದ ಗಂಗಾಮೂಲವು ಕುದುರೆಮುಖದ ಸೀಮೆಯಲ್ಲಿದೆ. ಅಲ್ಲಿ ಕಬ್ಬಿಣದ ಅದಿರಿನ ಕಂಪೆನಿಯು 1976ರಲ್ಲಿ ಸ್ಥಾಪಿತವಾಗಿ, ಅಗೆದ ಅದಿರನ್ನು ಸಂಸ್ಕರಿಸಿ ಕೊಳವೆಯ ಮೂಲಕ ಮಂಗಳೂರಿಗೆ ಸಾಗಿಸುತ್ತಿತ್ತು. ಭದ್ರೆಯ ನೀರಿಗೆ ಬೆಟ್ಟದ ಕೆಸರು ಸೇರುತ್ತಿದೆಯೆಂಬ ಆಕ್ಷೇಪಗಳು ಎದ್ದವು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಷ್ಟು ಹಣ ಕಟ್ಟಿ ಮುಂದುವರಿಯಿರಿ ಎನ್ನದೆ, 2005ರ ಅಂತ್ಯದೊಳಗೆ ಗಣಿಗಾರಿಕೆಯನ್ನು ನಿಲ್ಲಿಸಬೇಕೆಂದು ವಿಧಿಸಿತು, ಅದರಂತೆ ನಿಂತಿತು. ಬೆಲೆ ಹೆಚ್ಚಿಸುವುದು ಒಂದು, ‘ಇದು ಮಾರಾಟಕ್ಕಿಲ್ಲ’ ಎನ್ನುವುದು ಬೇರೊಂದು. ಆದರೆ ನ್ಯಾಯದ ಮಾತು ಇಲ್ಲಿಗೂ ಮುಗಿಯುವುದಿಲ್ಲ. ಗಣಿ ನಿಂತಾಗ ಅಲ್ಲಿಯ ಕೂಲಿಕಾರನ ಒಲೆಯೂ ನಿಂತಿತು. ಕಾಡನ್ನು ಕಡಿದಾಗ ನಷ್ಟವನ್ನು ಬಡವನು ಹೊತ್ತಂತೆ, ಕಾಡನ್ನು ಉಳಿಸಿದಾಗಲೂ ನಷ್ಟವನ್ನು ಅವನೇ ಹೊರುವುದಾದರೆ, ಉಳಿಸಿದ ಪುಣ್ಯದಲ್ಲಿಯೂ ಒಂದು ದೋಷ ಉಳಿಯಿತೆಂದೇ ಹೇಳಬೇಕು.

ಈಗ ನಿಗಮನಕ್ಕೆ ಬರೋಣ. ಬೆಲೆ ಕಟ್ಟುವುದು ಸ್ವತಃ ಅಧರ್ಮವಲ್ಲ. ಬೆಲೆ ಕೊಟ್ಟೊಡನೆ ಋಣ ತೀರಿತೆಂದು ಭಾವಿಸುವುದು ಅಧರ್ಮ. ಬೆಲೆಯನ್ನು ದಂಡದಂತೆ, ತೆಗೆದುಕೊಳ್ಳುವವನನ್ನು ತಡೆಯಲು ಉಪಯೋಗಿಸಿದರೆ ಅದು ಧರ್ಮಕ್ಕೆ ಸಹಾಯಕ. ರಸೀದಿಯಂತೆ, ತೆಗೆದುಕೊಂಡವನ ಬಾಧ್ಯತೆಯನ್ನು ಕಳೆಯಲು ಉಪಯೋಗಿಸಿದರೆ ಧರ್ಮಕ್ಕೆ ವಿರೋಧಿ. ಪಡೆದುದಕ್ಕೆ ಪ್ರತಿಯಾಗಿ ಸಲ್ಲಿಸದೆ ಭೋಗಿಸುವವನು ಕಳ್ಳನೆಂದು ಗೀತೆಯ ಮೂರನೆಯ ಅಧ್ಯಾಯದಲ್ಲಿ ಭಗವಂತನೇ ಹೇಳಿದ್ದಾನೆ. ಸ್ವತಂತ್ರನಾದ ಅವನೊಬ್ಬನೇ ಸ್ವಾಮಿ. ಅಸ್ವತಂತ್ರರಾದ ನಾವು ಮಾರುವ ಕಾಡೂ ಕೊಳ್ಳುವ ಕಾಡೂ ನಮ್ಮದಲ್ಲ. ಇದು ಮನಸ್ಸಿನಲ್ಲಿದ್ದರೆ ಬೆಲೆ ಕಟ್ಟುವ ಮುನ್ನ ಮೂರು ಪ್ರಶ್ನೆಗಳು ಸಹಜವಾಗಿ ಏಳುತ್ತವೆ: ನಷ್ಟ ಹೊರುವವನನ್ನು ಕೇಳಿದ್ದೇವೆಯೇ? ಕೊಡುವ ಹಣ ಅವನ ಕೈಗೆ ಮುಟ್ಟುತ್ತದೆಯೇ? ಕಳೆದುದನ್ನು ಮತ್ತೆ ತರಲು ಸಾಧ್ಯವೇ? ಮೂರನೆಯದಕ್ಕೆ ಇಲ್ಲವೆಂಬ ಉತ್ತರ ಬಂದಲ್ಲಿ ತಕ್ಕಡಿಯನ್ನು ಕೆಳಗಿಡುವುದೇ ಯುಕ್ತ.

ಇವು ಸರ್ಕಾರ, ನ್ಯಾಯಾಲಯಗಳು ಕೇಳಿಕೊಳ್ಳಬೇಕಾದ ಪ್ರಶ್ನೆಗಳು. ಗೃಹಸ್ಥರಾದ ನಮಗೆ ಏನು ಸಾಧ್ಯವೆಂದು ವಾಚಕರು ಕೇಳಬಹುದು. ಸಣ್ಣ ಕೆಲಸಗಳು ಸಾಧ್ಯ. ಗೌರೀಹಬ್ಬಕ್ಕೆ ಮೊರ ಕೊಳ್ಳುವಾಗ ಮೇದಾರನೊಡನೆ ಹತ್ತು ರೂಪಾಯಿಗೆ ಚೌಕಾಶಿ ಮಾಡುವುದನ್ನು ಬಿಡೋಣ. ಬಿದಿರಿನ ನಿಜವಾದ ಬೆಲೆಯನ್ನು ಅರ್ಧ ಶತಮಾನ ಕಾಲ ಅವನೇ ಕೊಟ್ಟಿದ್ದಾನೆ. ದೇವಾಲಯದ ಸುತ್ತಿನಲ್ಲಿರುವ ಅಶ್ವತ್ಥ, ಬಿಲ್ವಗಳನ್ನು ಕಟ್ಟಡದ ವಿಸ್ತರಣೆಗಾಗಿ ಕಡಿಯುವ ಪ್ರಸಂಗ ಬಂದರೆ ನಕ್ಷೆಯನ್ನು ಬದಲಾಯಿಸೋಣ. ಮುಳುಗಡೆಯ ಸಂತ್ರಸ್ತರ ಮಾತು ಸಭೆಯಲ್ಲಿ ಬಂದಾಗ ಅದು ಬೇರೆಯವರ ವಿಷಯವೆಂದು ಎದ್ದುಹೋಗದಿರೋಣ. ನಮ್ಮ ಮನೆಯ ದೀಪದಲ್ಲಿ ಅವರ ಊರು ಉರಿಯುತ್ತಿದೆ.

ಕೂಡಲಿಯ ಸೋಪಾನದಲ್ಲಿ ಪ್ರಶ್ನೆ ಕೇಳಿದ ಆ ಹಿರಿಯರಿಗೆ ಈಗ ನಮ್ಮ ಉತ್ತರವನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಸ್ವಾಮಿ, ತಾವು ದುಡಿದು ತಿಂದ ಅನ್ನ ಪಾಪದ ಅನ್ನವಲ್ಲ. ದರ ನಿಗದಿ ಮಾಡಿದವರು ತಾವಲ್ಲ, ಗುತ್ತಿಗೆ ಬರೆದವರೂ ತಾವಲ್ಲ. ಕಾಡು ಬರಿದಾದಾಗ ಹಳ್ಳಿಗನು ಕಳೆದುಕೊಂಡಂತೆ, ಕಾರ್ಖಾನೆ ನಿಂತಾಗ ತಮ್ಮ ಊರೂ ಕಳೆದುಕೊಂಡಿತು. ಒಂದೇ ಲೆಕ್ಕದ ಪುಸ್ತಕವು ಇಬ್ಬರನ್ನೂ ಹೊರಗಿಟ್ಟಿದೆ. ತಮ್ಮ ಪಾಲು ಎಷ್ಟೆಂದು ಕೇಳಿದಿರಿ. ಅದನ್ನು ರೂಪಾಯಿಯಲ್ಲಿ ಹೇಳುವ ಶಕ್ತಿ ನಮಗಿಲ್ಲ. ಆದರೆ ಫಲ ಉಂಡವರೆಲ್ಲರೂ, ನಮ್ಮನ್ನೂ ಸೇರಿಸಿ, ತಾವು ಕೇಳಿದ ಪ್ರಶ್ನೆಯನ್ನು ಕೇಳಿಕೊಂಡಿದ್ದರೆ ಆ ಕಾಡಿನಲ್ಲಿ ಅರ್ಧವಾದರೂ ಉಳಿಯುತ್ತಿತ್ತೇನೋ ಎಂದು ತೋರುತ್ತದೆ. ಬರುವ ಕಾರ್ತಿಕದಲ್ಲಿ ಮತ್ತೆ ಸಂಗಮದಲ್ಲಿ ಭೇಟಿಯಾಗೋಣ, ಮೊಮ್ಮಗನನ್ನೂ ಕರೆತನ್ನಿ.

ಶ್ರೀಕೃಷ್ಣಾರ್ಪಣಮಸ್ತು